ಕಾರ್ಟೋಗ್ರಫಿ ಓದಿದ್ದು: ಮ್ಯೂನಿಕ್‌ನ ಕಲ್ಲುಗಳಿಂದ ಕನ್ನಡದ ಒತ್ತಕ್ಷರದವರೆಗೆ

ಕಾರ್ಟೋಗ್ರಫಿ, ಅಂದ್ರೆ ನಕ್ಷೆ ಮಾಡೋ ವಿದ್ಯೆ, ಅದಕ್ಕೆ ಅಂತಾನೇ ಒಂದು ಮಾಸ್ಟರ್ಸ್ ಕೋರ್ಸ್ ಇದೆ ಅಂತ ನಂಗೂ ಗೊತ್ತಿರ್ಲಿಲ್ಲ. ಸಿವಿಲ್ ಬಿಇ ಮುಗ್ಸಿ ಬೆಂಗಳೂರಲ್ಲಿ ಒಂದು ಜಿಐಎಸ್ (ಕಂಪ್ಯೂಟರಲ್ಲಿ ನಕ್ಷೆ ಡೇಟಾ ಮಾಡೋ) ಕಂಪನೀಲಿ ಡಿಜಿಟೈಸಿಂಗ್ ಮಾಡ್ತಿದ್ದೆ, ಅಂದ್ರೆ ಬೆಳಿಗ್ಗೆಯಿಂದ ಸಂಜೆವರೆಗೂ ಸ್ಯಾಟಲೈಟ್ ಇಮೇಜ್ ಮೇಲೆ ಯಾವ್ದೋ ದೇಶದ ರಸ್ತೆ, ಕಟ್ಟಡ, ಕಾಲುವೆ ಮೇಲೆಲ್ಲ ಗೆರೆ ಎಳ್ಕೊಂಡು ಹೋಗೋದು, ದಿನಕ್ಕೆ ಇಷ್ಟು ಅಂತ ಟಾರ್ಗೆಟ್, ಅದು ಮುಗಿದ್ರೆ ಮನೆ. ಆ ಗೆರೆ ಆಮೇಲೆ ಏನಾಗುತ್ತೆ, ಅದಕ್ಕೆ ಯಾರು ಬಣ್ಣ ಕೊಡ್ತಾರೆ, ಯಾವ ಊರಿನ ಹೆಸರು ದಪ್ಪಗಿರ್ಬೇಕು ಯಾವ್ದು ಸಣ್ಣಗಿರ್ಬೇಕು ಅಂತ ಯಾರು ಡಿಸೈಡ್ ಮಾಡ್ತಾರೆ, ಇದನ್ನ ಕೇಳಿದ್ರೆ ಟೀಮ್ ಲೀಡ್ "ಅದು ಕ್ಲೈಂಟ್ ಸೈಡ್" ಅಂತಿದ್ರು. ನಂಗೆ ಆ ಕ್ಲೈಂಟ್ ಸೈಡ್ ಕೆಲಸಾನೇ ಬೇಕಿತ್ತು.

ಹುಡುಕ್ತಾ ಹೋದಾಗ ಸಿಕ್ಕಿದ್ದು ಮ್ಯೂನಿಕ್, ವಿಯೆನ್ನಾ, ಡ್ರೆಸ್ಡೆನ್ ಈ ಮೂರೂ ಊರಿನ ಟೆಕ್ನಿಕಲ್ ಯೂನಿವರ್ಸಿಟಿಗಳು, ಜೊತೆಗೆ ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ಯೂನಿವರ್ಸಿಟಿ ಸೇರಿ ನಡೆಸೋ ಕಾರ್ಟೋಗ್ರಫಿ ಎಂಎಸ್ಸಿ. 2011ರಲ್ಲಿ ಶುರುವಾದ ಕೋರ್ಸು. ಮೊದಲ ಸೆಮಿಸ್ಟರ್ ಮ್ಯೂನಿಕ್, ಎರಡನೇದು ವಿಯೆನ್ನಾ, ಮೂರನೇದು ಡ್ರೆಸ್ಡೆನ್, ಕೊನೇ ಸೆಮಿಸ್ಟರ್ ಥೀಸಿಸ್ಸು, ಅದನ್ನ ನಾಲ್ಕರಲ್ಲಿ ಯಾವ್ದಾದ್ರೂ ಒಂದು ಕಡೆ ಮಾಡ್ಬಹುದು. ಒಟ್ಟು 120 ಕ್ರೆಡಿಟ್, ಪಾಠ ಎಲ್ಲ ಇಂಗ್ಲಿಷಲ್ಲಿ. ಯುರೋಪಿಯನ್ ಯೂನಿಯನ್ ಕೊಡೋ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಸಿಕ್ತು, ಇಲ್ಲಾಂದ್ರೆ ನಮ್ಮನೆ ಅಡಿಕೆ ತೋಟದ ಆದಾಯದಲ್ಲಿ ಮ್ಯೂನಿಕ್‌ನ ಬಾಡಿಗೆ ಕಟ್ಟೋ ಮಾತೇ ಇರ್ಲಿಲ್ಲ.

ಮನೇಲಿ ಅಪ್ಪ ಅಮ್ಮನಿಗಿಂತ ಜಾಸ್ತಿ ಪ್ರಶ್ನೆ ಕೇಳಿದ್ದು ಚಿಕ್ಕಪ್ಪ, ಅವ್ರು ಸರ್ವೆಯರ್ ಆಗಿ ರಿಟೈರ್ ಆದೋರು. "ಓದು ಬೇಡ ಅನ್ನಲ್ಲ ಮಾರಾಯ, ಆದ್ರೆ ಬಾಂದುಕಲ್ಲು ಎಲ್ಲಿದೆ ಅಂತ ಗೊತ್ತಿಲ್ದೆ ಬಣ್ಣ ಬಳಿಯೋದು ಕಲ್ತು ಏನು ಮಾಡ್ತೆ?" ಅಂದ್ರು. ನಾನು ನಕ್ಕು ಸುಮ್ಮನಾದೆ, ನಮ್ಮ ಸಾಗರ ತಾಲ್ಲೂಕಲ್ಲಿ ರಿಟೈರ್ಡ್ ಸರ್ವೆಯರ್ ಹತ್ರ ವಾದ ಮಾಡಿ ಗೆದ್ದೋರು ಇಲ್ಲ.

ಮ್ಯೂನಿಕ್‌ಗೆ ಹೋದ ಮೇಲೆ ಗೊತ್ತಾಗಿದ್ದು, ಆ ಊರಿನ ನಕ್ಷೆಗಳ ಹಿಂದೇನೂ ಬಾಂದುಕಲ್ಲು, ಕಂದಾಯದ ಕಥೇನೇ ಇದೆ. ಕಲ್ಲಚ್ಚು, ಲಿಥೋಗ್ರಫಿ ಅಂತಾರಲ್ಲ, ಅದನ್ನ ಅಲೋಯ್ಸ್ ಸೆನೆಫೆಲ್ಡರ್ ಅನ್ನೋನು 1790ರ ದಶಕದಲ್ಲಿ ಕಂಡುಹಿಡಿದಿದ್ದು ಮ್ಯೂನಿಕ್‌ನಲ್ಲೇ. ಆಮೇಲೆ 1808ರಲ್ಲಿ ಬವೇರಿಯಾ ಸರ್ಕಾರ ಭೂಕಂದಾಯಕ್ಕೋಸ್ಕರ ಇಡೀ ರಾಜ್ಯದ ಅಳತೆ ಶುರು ಮಾಡ್ತು, ಸ್ಕೇಲ್ 1:5,000, ಆ ಹಾಳೆಗಳನ್ನೆಲ್ಲ ಸೋಲ್ನ್‌ಹೋಫನ್ ಅನ್ನೋ ಊರಿನ ಸುಣ್ಣಕಲ್ಲಿನ ಚಪ್ಪಡಿ ಮೇಲೆ ಕೆತ್ತಿ ಅಚ್ಚು ಹಾಕಿದ್ರು. ಆ ಕಲ್ಲುಗಳು 26 ಸಾವಿರಕ್ಕೂ ಹೆಚ್ಚು ಇವತ್ತಿಗೂ ಉಳ್ಕೊಂಡಿವೆ, ಅಲ್ಲಿನ ಸರ್ವೆ ಇಲಾಖೆ ಕಟ್ಟಡದಲ್ಲಿ ಸಾಲಾಗಿ ನಿಲ್ಸಿಟ್ಟಿದಾರೆ. ನಾನು ಒಂದು ಕಲ್ಲಿನ ಮುಂದೆ ನಿಂತು ಊರಿನ ಹೆಸರು ಓದೋಕೆ ಟ್ರೈ ಮಾಡಿದೆ, ಎಲ್ಲ ಕನ್ನಡೀಲಿ ಕಂಡ ಹಾಗೆ ಉಲ್ಟಾ, ಬಲದಿಂದ ಎಡಕ್ಕೆ, ಅದೂ ಅಷ್ಟು ಸಣ್ಣ ಅಕ್ಷರ, ಒಂದು ಕಡೆನೂ ಕೈ ನಡುಗಿಲ್ಲ. ಕಂಪ್ಯೂಟರಲ್ಲಿ ಹೆಸರನ್ನ ಮೌಸಲ್ಲಿ ಎಳೆದು ಆಚೀಚೆ ಹಾಕಿ ಅಭ್ಯಾಸ ಆಗಿರೋರಿಗೆ, ಒಂದು ಹೆಸರು ಎಲ್ಲಿ ಕೂರ್ಬೇಕು ಅಂತ ಕಲ್ಲಿಗೆ ಕೈ ಹಾಕೋ ಮುಂಚೆ ಯೋಚ್ನೆ ಮಾಡಿ ಮುಗಿಸಿರ್ಬೇಕು ಅನ್ನೋದನ್ನ ಊಹಿಸೋದೂ ಕಷ್ಟ.

ಮೊದಲ ಸೆಮಿಸ್ಟರಲ್ಲಿ ಬೇಸಿಕ್ಸ್ ಅಂತ ತುಂಬಾ ಕೂರಿಸ್ತಾರೆ. ಪ್ರೊಜೆಕ್ಷನ್ ಅಂದ್ರೆ ಗುಂಡಗಿರೋ ಭೂಮೀನ ಚಪ್ಪಟೆ ಹಾಳೆಗೆ ಇಳಿಸೋ ಲೆಕ್ಕ, ಬಣ್ಣ, ಕ್ಲಾಸಿಫಿಕೇಶನ್ ಅಂದ್ರೆ ಅಂಕಿಗಳನ್ನ ಗುಂಪು ಮಾಡೋದು. ಜಾಕ್ ಬರ್ತಾಂ ಅನ್ನೋ ಫ್ರೆಂಚ್ ಕಾರ್ಟೋಗ್ರಫರ್ 1967ರಲ್ಲಿ ಹೇಳಿದ ವಿಶುವಲ್ ವೇರಿಯಬಲ್ಸ್ ಅಂತೂ ಎಲ್ಲಾ ಪಾಠದಲ್ಲೂ ಬರುತ್ತೆ. ಗಾತ್ರ, ಆಕಾರ, ಗಾಢತೆ, ಬಣ್ಣ, ದಿಕ್ಕು, ಟೆಕ್ಸ್ಚರ್ ಇವೆಲ್ಲ ಒಂದೇ ಥರ ಕೆಲಸ ಮಾಡಲ್ಲ, ಜಾಸ್ತಿ ಕಮ್ಮಿ ಅಂತ ತೋರಿಸೋಕೆ ಗಾತ್ರ, ಗಾಢತೆ ಬೇಕು, ಬೇರೆ ಬೇರೆ ಬಗೆ ಅಂತ ತೋರಿಸೋಕೆ ಬಣ್ಣ, ಆಕಾರ ಸಾಕು. ಕೇಳೋಕೆ ಸಿಂಪಲ್, ಆದ್ರೆ ಇದು ತಲೇಲಿ ಕೂತ್ಮೇಲೆ ನ್ಯೂಸ್ ಪೇಪರ್‌ನಲ್ಲಿ ಬರೋ ಎಲೆಕ್ಷನ್ ಮ್ಯಾಪ್ ನೆಮ್ಮದಿಯಾಗಿ ನೋಡೋಕಾಗಲ್ಲ.

ಪ್ರೊಜೆಕ್ಷನ್ ಅಸೈನ್‌ಮೆಂಟಿಗೆ ಅವರವರ ರಾಜ್ಯಾನೇ ತಗೊಳ್ಳಿ ಅಂದ್ರು. ಕರ್ನಾಟಕದ್ದು ಒಂದು ಮಜಾ ಇದೆ. ಯುಟಿಎಂ ಅನ್ನೋ ಸಿಸ್ಟಮಲ್ಲಿ ಪ್ರತಿ 6 ಡಿಗ್ರಿಗೆ ಒಂದು ಝೋನ್, 78 ಡಿಗ್ರಿ ಪೂರ್ವ ರೇಖಾಂಶದಲ್ಲಿ 43ನೇ ಝೋನ್ ಮುಗಿದು 44 ಶುರು, ಆ ಗೆರೆ ಬೆಂಗಳೂರು ದಾಟಿ ಕೋಲಾರಕ್ಕಿಂತ ಸ್ವಲ್ಪ ಮುಂಚೆ ಹಾದುಹೋಗುತ್ತೆ. ಅಂದ್ರೆ ರಾಜ್ಯ ಎಲ್ಲ ಒಂದು ಝೋನಲ್ಲಿ, ಕೋಲಾರ ಮುಳಬಾಗಿಲು ಕಡೆ ಮಾತ್ರ ಪಕ್ಕದ ಝೋನಲ್ಲಿ. ಅದಕ್ಕೆ ಇಡೀ ರಾಜ್ಯಕ್ಕೆ ಅಂತಾನೇ ಒಂದು ಶಂಕು ಪ್ರೊಜೆಕ್ಷನ್ ಮಾಡ್ಕೊಂಡೆ, ವಿಸ್ತೀರ್ಣ ಕೆಡದೆ ಇರೋ ಅಂಥದ್ದು. ಅದಕ್ಕೆ ಎರಡು ಸ್ಟ್ಯಾಂಡರ್ಡ್ ಅಕ್ಷಾಂಶ (ಅಳತೆ ಹಿಗ್ಗದೆ ಕುಗ್ಗದೆ ಇರೋ ಸಾಲು) ಆರಿಸ್ಕೋಬೇಕು, ಹಳೇ ಲೆಕ್ಕ ಒಂದಿದೆ, ಮೇಲಿಂದ ಕೆಳಗಿಂದ ಆರನೇ ಒಂದು ಭಾಗ ಒಳಗೆ ಬನ್ನಿ ಅಂತ. ನಮ್ಮ ರಾಜ್ಯ ಸುಮಾರು 11°30′ ಇಂದ 18°30′, ಒಟ್ಟು 7 ಡಿಗ್ರಿ, ಆರನೇ ಒಂದು ಅಂದ್ರೆ 1°10′, ಹಾಗಾಗಿ 12°40′ ಮತ್ತೆ 17°20′. ಈಗಲೂ ಕರ್ನಾಟಕದ ಯಾವ ಮ್ಯಾಪ್ ಮಾಡಿದ್ರೂ ಇದನ್ನೇ ಹಾಕೋದು. ಫೋನಲ್ಲಿ ನೋಡೋ ಮ್ಯಾಪುಗಳ ವೆಬ್ ಮರ್ಕೇಟರ್ ಪ್ರೊಜೆಕ್ಷನ್ ಲೆಕ್ಕಾನೂ ಅವತ್ತೇ ಕೈಯಲ್ಲಿ ಮಾಡಿಸಿದ್ರು. ಒಂದೇ ಝೂಮ್ ಲೆವೆಲಲ್ಲಿ ಮ್ಯೂನಿಕ್‌ನ ಉದ್ದ 1.5 ಪಟ್ಟು ಹಿಗ್ಗುತ್ತೆ, ಸಾಗರದ್ದು ಬರೀ 1.03.

ಆದ್ರೆ ಆ ಸೆಮಿಸ್ಟರಲ್ಲಿ ನಾನು ಜಾಸ್ತಿ ಒದ್ದಾಡಿದ್ದು ಮಳೆ ಮ್ಯಾಪ್ ಜೊತೆ. ಕರ್ನಾಟಕದ ವಾರ್ಷಿಕ ಮಳೆ, ಐದು ಕ್ಲಾಸು, ತಿಳಿ ನೀಲಿಯಿಂದ ಗಾಢ ನೀಲಿ, ಅಷ್ಟೇ ತಾನೆ ಅಂದ್ಕೊಂಡೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಬೀಳುತ್ತೆ, ಚಳ್ಳಕೆರೆ ಕಡೆ 500ರ ಆಸುಪಾಸು. ಸೊನ್ನೆಯಿಂದ 8,000ದವರೆಗೆ ಸಮ ಭಾಗ ಮಾಡಿದ್ರೆ ಒಂದೊಂದು ಕ್ಲಾಸು 1,600. ಆಗ ಬೆಂಗಳೂರು, ಮೈಸೂರು, ಕಲಬುರಗಿ, ಚಳ್ಳಕೆರೆ ಎಲ್ಲ ಒಂದೇ ಬಣ್ಣ, ಬರ ಬಿದ್ದ ಜಾಗಕ್ಕೂ ಚೆನ್ನಾಗಿ ರಾಗಿ ಬೆಳೆಯೋ ಜಾಗಕ್ಕೂ ವ್ಯತ್ಯಾಸಾನೇ ಇಲ್ಲ, ಪಶ್ಚಿಮದ ಅಂಚಲ್ಲಿ ಮಾತ್ರ ನೀಲಿ ಪಟ್ಟಿ. ಸರಿ ಅಂತ ಪ್ರತಿ ಕ್ಲಾಸಲ್ಲೂ ಸಮ ಸಂಖ್ಯೆ ತಾಲ್ಲೂಕು ಬರೋ ಹಾಗೆ ಮಾಡಿದೆ. ಈಗ ಬಯಲುಸೀಮೆ ಎದ್ದು ಕಾಣ್ತು, ಆದ್ರೆ ಕರಾವಳಿ ಮಲೆನಾಡು ಎಲ್ಲ ಒಂದೇ ಗಾಢ ನೀಲಿಯಲ್ಲಿ ಮುಳುಗಿಹೋಯ್ತು. ಜೆಂಕ್ಸ್ ಅವರ ನ್ಯಾಚುರಲ್ ಬ್ರೇಕ್ಸ್, ಅಂದ್ರೆ ಅಂಕಿಗಳ ನಡುವೆ ತಾನಾಗೇ ಅಂತರ ಇರೋ ಕಡೆ ಗಡಿ ಹಾಕೋ ವಿಧಾನ, ಹಾಕಿದ್ರೆ ಇನ್ನೊಂದೇ ರಾಜ್ಯ. ಡೇಟಾ ಅದೇ, ಬಣ್ಣ ಅದೇ, ಮೂರು ಮ್ಯಾಪು ಮೂರು ಥರ ಹೇಳ್ತಿದೆ, ಮೂರೂ ಸುಳ್ಳಲ್ಲ.

ಪಾಠ ಮಾಡೋ ಮೇಡಂ ಅದನ್ನ ನೋಡಿ ಯಾವ್ದು ಸರಿ ಅಂತ ಹೇಳ್ಲೇ ಇಲ್ಲ, ಇದನ್ನ ಯಾರು ನೋಡ್ತಾರೆ, ಏನು ತಿಳ್ಕೊಳ್ಳೋಕೆ ನೋಡ್ತಾರೆ ಅಂತ ಕೇಳಿದ್ರು. ರೈತರಿಗೆ ಅಂತಾದ್ರೆ 500 ಮತ್ತೆ 750 ನಡುವಿನ ವ್ಯತ್ಯಾಸ 4,000 ಮತ್ತೆ 6,000 ನಡುವಿನದ್ದಕ್ಕಿಂತ ದೊಡ್ಡದು. ಅದಕ್ಕೆ ಕೊನೆಗೆ 500, 750, 1,000, 2,000, 4,000 ಅಂತ ನಾನೇ ಕೈಯಾರೆ ಗಡಿ ಹಾಕಿ ಆರು ಕ್ಲಾಸು ಮಾಡಿದೆ, ಯಾಕೆ ಹಾಗೆ ಅಂತ ಒಂದು ಪ್ಯಾರಾ ಬರೆದೆ. ಆದ್ರೂ ಇನ್ನೊಂದು ತೊಂದರೆ ಉಳೀತು. ಆಗುಂಬೆ ಇರೋದು ತೀರ್ಥಹಳ್ಳಿ ತಾಲ್ಲೂಕಲ್ಲಿ, ಆದ್ರೆ ಅದೇ ತಾಲ್ಲೂಕಿನ ಪೂರ್ವದ ಕಡೆ ಮಳೆ ಎಷ್ಟೋ ಕಮ್ಮಿ, ಇಡೀ ತಾಲ್ಲೂಕಿಗೆ ಒಂದೇ ಬಣ್ಣ ಬಳಿದ್ರೆ ಮಳೆ ತಾಲ್ಲೂಕು ಗಡಿ ನೋಡ್ಕೊಂಡು ನಿಲ್ಲುತ್ತೆ ಅನ್ನೋ ಹಾಗೆ ಕಾಣುತ್ತೆ. ಹಾಗಾಗಿ ತಾಲ್ಲೂಕು ಬಿಟ್ಟು ಸಮಮಳೆ ರೇಖೆಗೆ ಹೋದೆ. ಚಿಕ್ಕಪ್ಪನಿಗೆ ವಾಟ್ಸಾಪಲ್ಲಿ ಕಳ್ಸಿದ್ರೆ "ನಮ್ಮ ಹುಲಿಕಲ್ ಎಲ್ಲಿ?" ಅಂತ ಒಂದೇ ಲೈನ್ ರಿಪ್ಲೈ.

ಗಡಿ ವಿಷ್ಯ ಬಂತಲ್ಲ, ಅದನ್ನೂ ಹೇಳ್ಬಿಡ್ತೀನಿ. ಕ್ಲಾಸಲ್ಲಿ ಬೇರೆ ಬೇರೆ ದೇಶದೋರು, ಬಹಳಷ್ಟು ಜನರ ದೇಶಕ್ಕೆ ಒಂದೊಂದು ಗಡಿ ತಕರಾರು. ನ್ಯಾಚುರಲ್ ಅರ್ಥ್ ಅನ್ನೋ ಫ್ರೀ ಡೇಟಾದಲ್ಲಿ ಸಾಮಾನ್ಯ ಫೈಲ್ ತಗೊಂಡ್ರೆ ಕಾಶ್ಮೀರ ನಮ್ಮ ಸ್ಕೂಲ್ ಅಟ್ಲಾಸಿನ ಥರ ಇರಲ್ಲ, ಆದ್ರೆ ಬೇರೆ ಬೇರೆ ದೇಶದ ದೃಷ್ಟಿಯ ಫೈಲ್‌ಗಳನ್ನೂ ಅವ್ರೇ ಕೊಡ್ತಾರೆ, ಭಾರತದ್ದೂ ಇದೆ. ನಮ್ಮ ದೇಶದಲ್ಲಿ ತೋರಿಸೋ ಮ್ಯಾಪಾದ್ರೆ ಗಡಿ ಸರ್ವೆ ಆಫ್ ಇಂಡಿಯಾ ಮ್ಯಾಪಿನ ಹಾಗೇ ಇರ್ಬೇಕು, ಇದು ಅಭಿಪ್ರಾಯದ ಪ್ರಶ್ನೆ ಅಲ್ಲ, ಕಾನೂನು.

ವಿಯೆನ್ನಾ ಬೇರೇನೇ ಗಾಳಿ. ಅಲ್ಲಿ ಡೇಟಾ ವಿಶುವಲೈಸೇಶನ್ ಅಂದ್ರೆ ಓಟ್ಟೋ ನಾಯ್‌ರಾಟ್ ಹೆಸರು ಬರ್ದೆ ಇರಲ್ಲ. 1925ರಲ್ಲಿ ಆತ ಅಲ್ಲಿ ಸಮಾಜ ಮತ್ತು ಆರ್ಥಿಕತೆಯ ಮ್ಯೂಸಿಯಂ ಶುರು ಮಾಡಿದ್ದು, ಕೂಲಿ ಕೆಲಸದೋರಿಗೂ ಅಂಕಿಅಂಶ ಅರ್ಥ ಆಗ್ಬೇಕು ಅಂತ. ಗೆರ್ಡ್ ಆರ್ನ್ಟ್ಸ್ ಚಿತ್ರ ಬಿಡಿಸ್ತಿದ್ದ, ಮರೀ ರೈಡೆಮೈಸ್ಟರ್ ಅಂಕಿಅಂಶನ ಚಿತ್ರಕ್ಕೆ ಹೇಗೆ ತರೋದು ಅಂತ ರೂಪ ಕೊಡ್ತಿದ್ಲು. 1934ರಲ್ಲಿ ರಾಜಕೀಯ ಕೆಟ್ಟು ನಾಯ್‌ರಾಟ್ ಹೇಗ್‌ಗೆ ಓಡಿಹೋಗ್ಬೇಕಾಯ್ತು, ಆದ್ರೆ ಆ ಮ್ಯೂಸಿಯಂ ಈಗ್ಲೂ ವಿಯೆನ್ನಾದಲ್ಲಿದೆ, ನೋಡಿದೀನಿ. ಅವರ ಒಂದು ನಿಯಮ ನಂಗೆ ತುಂಬಾ ಹಿಡಿಸ್ತು: ಸಂಖ್ಯೆ ಜಾಸ್ತಿ ಆದ್ರೆ ಚಿತ್ರ ದೊಡ್ಡದು ಮಾಡ್ಬೇಡಿ, ಅದೇ ಸೈಜಿನ ಚಿತ್ರ ಇನ್ನಷ್ಟು ಹಾಕಿ. ಯಾಕಂದ್ರೆ ಎರಡು ಪಟ್ಟು ಅಡಿಕೆ ಬೆಳೆ ತೋರಿಸೋಕೆ ಅಡಿಕೆ ಚಿತ್ರದ ಎತ್ತರ ಎರಡು ಪಟ್ಟು ಮಾಡಿದ್ರೆ ಅಗಲಾನೂ ಎರಡು ಪಟ್ಟಾಗಿ ಕಣ್ಣಿಗೆ ನಾಲ್ಕು ಪಟ್ಟು ಕಾಣುತ್ತೆ. ನಮ್ಮ ಟಿವಿ ಚಾನೆಲ್‌ಗಳು ದಿನಾ ರಾತ್ರಿ 9ಕ್ಕೆ ಮಾಡೋದು ಇದನ್ನೇ.

ವಿಯೆನ್ನಾದಲ್ಲೇ ವೆಬ್ ಮ್ಯಾಪ್ ಪ್ರಾಜೆಕ್ಟು. ಶರಾವತಿ ಕೊಳ್ಳದ ಮ್ಯಾಪ್ ಮಾಡೋಣ, ಹೆಸರೆಲ್ಲ ಕನ್ನಡದಲ್ಲಿ ಹಾಕೋಣ ಅಂತ ಉತ್ಸಾಹದಲ್ಲಿ, ಜನರೇ ಸೇರಿ ಮಾಡೋ ಫ್ರೀ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪಿಂದ ಕನ್ನಡ ಹೆಸರುಗಳನ್ನ ತೆಗೆದೆ, ಇಲ್ಲದ ಕಡೆ ನಾನೇ ತುಂಬಿದೆ. ವೆಕ್ಟರ್ ಟೈಲ್ (ಚಿತ್ರದ ಬದಲು ಗೆರೆ, ಹೆಸರುಗಳ ಡೇಟಾನೇ ಕಳಿಸೋ ಮ್ಯಾಪ್ ತುಂಡು) ತೋರಿಸೋ ಒಂದು ಓಪನ್ ಸೋರ್ಸ್ ಲೈಬ್ರರಿಗೆ ಹಾಕಿ ಪೇಜ್ ಓಪನ್ ಮಾಡಿದ್ರೆ ತೀರ್ಥಹಳ್ಳಿ ಚೂರುಚೂರು. ತ ಒಂದು ಕಡೆ, ಅದರ ದೀರ್ಘ ಪಕ್ಕಕ್ಕೆ, ಅರ್ಕಾವತ್ತು ಮಾಯ, ಳ್ಳ ಆಗ್ಬೇಕಾದಲ್ಲಿ ಳ, ಒಂದು ಕೊಂಡಿ, ಇನ್ನೊಂದು ಳ. ಕಾರಣ ಏನಂದ್ರೆ ಅಂಥ ಲೈಬ್ರರಿಗಳು ಸ್ಪೀಡಿಗೋಸ್ಕರ ಪ್ರತಿ ಯೂನಿಕೋಡ್ ಅಕ್ಷರಕ್ಕೂ ಒಂದು ಚಿತ್ರ ಮೊದ್ಲೇ ಮಾಡಿಟ್ಕೊಂಡು ಒಂದರ ಪಕ್ಕ ಒಂದು ಜೋಡಿಸ್ತಾ ಹೋಗ್ತವೆ. ಇಂಗ್ಲಿಷಿಗೆ ಅದು ಸಾಕು. ನಮ್ಮಲ್ಲಿ ಅಕ್ಷರಗಳು ಸೇರಿದಾಗ ರೂಪಾನೇ ಬದಲಾಗುತ್ತೆ, ಅದನ್ನ ಲೆಕ್ಕ ಹಾಕೋ ಹಂತಾನೇ ಅಲ್ಲಿಲ್ಲ. ನೇಪಾಳದ ಕ್ಲಾಸ್‌ಮೇಟ್‌ಗೂ ಇದೇ ಗೋಳು. ಡೆಡ್‌ಲೈನ್ ಹತ್ರ ಇದ್ದಿದ್ರಿಂದ ಫ್ರೀ ಮ್ಯಾಪ್ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಲೇಬಲ್ ಹಾಕಿ, ಅದು ಸರಿಯಾಗೇ ಬರುತ್ತೆ, ಇಡೀ ಮ್ಯಾಪನ್ನ ಚಿತ್ರದ ಟೈಲ್ ಮಾಡಿ ಸಬ್ಮಿಟ್ ಮಾಡಿದೆ. ಮಾರ್ಕ್ಸ್ ಬಂತು. ಆದ್ರೆ ಅಲ್ಲಿಂದ ಥೀಸಿಸ್ ವಿಷ್ಯ ಬೇರೆ ಹುಡುಕೋ ಕೆಲ್ಸ ಉಳೀಲಿಲ್ಲ.

ಡ್ರೆಸ್ಡೆನ್ ಚಳಿಗಾಲ, ಸಂಜೆ ನಾಲ್ಕಕ್ಕೆ ಕತ್ಲೆ, ಮಾಡೋಕೆ ಬೇರೆ ಏನೂ ಇಲ್ದೆ ಚೆನ್ನಾಗಿ ಓದಿದ್ದು ಅಲ್ಲೇ. ಜನರಲೈಸೇಶನ್ ಅಂದ್ರೆ ಸ್ಕೇಲ್ ಸಣ್ಣದಾದಾಗ ಏನು ಬಿಡ್ಬೇಕು ಅನ್ನೋದು, ಅದಕ್ಕೆ ಫ್ರೀಡ್ರಿಶ್ ಟೋಪ್ಫರ್ ಅನ್ನೋ ಡ್ರೆಸ್ಡೆನ್‌ನ ಕಾರ್ಟೋಗ್ರಫರ್ 1960ರ ದಶಕದಲ್ಲಿ ಒಂದು ಸೂತ್ರ ಕೊಟ್ಟಿದಾರೆ, ಸ್ಕೇಲ್‌ಗಳ ಅನುಪಾತದ ವರ್ಗಮೂಲ. 1:25,000 ಇಂದ 1:1,00,000ಕ್ಕೆ ಹೋದ್ರೆ ನಾಲ್ಕು ಪಟ್ಟು, ವರ್ಗಮೂಲ 2, ಹಾಗಾಗಿ 100 ಊರಿದ್ರೆ 50 ಉಳಿಸ್ಕೊಳ್ಳಿ. ಯಾವ 50 ಅಂತ ಸೂತ್ರ ಹೇಳಲ್ಲ! ಲಿಂಗನಮಕ್ಕಿ ಹಿನ್ನೀರಿನ ಆಚೆ ದಡದಲ್ಲಿ ನಾಲ್ಕು ಮನೆಯ ಊರು, ಸುತ್ತ ಮೈಲಿಗಟ್ಲೆ ಬೇರೆ ಊರಿಲ್ಲ, ಜನಸಂಖ್ಯೆ ನೋಡಿ ಬಿಟ್ರೆ ಆ ಭಾಗ ಪೂರ್ತಿ ಖಾಲಿ ಕಾಣುತ್ತೆ. ನಾನು ಅದನ್ನ ಉಳಿಸ್ಕೊಂಡು ಸಾಗರದ ಪಕ್ಕದ ದೊಡ್ಡ ಊರೊಂದನ್ನ ಬಿಟ್ಟೆ.

ಬೆಟ್ಟದ ನೆರಳು ಹಾಕೋದೂ ಅಲ್ಲೇ ಕಲ್ತಿದ್ದು. ಬೆಳಕು ಯಾವಾಗ್ಲೂ ವಾಯವ್ಯದಿಂದ, ಎಡಗಡೆ ಮೇಲಿಂದ ಬರೋ ಹಾಗೆ ಹಾಕೋದು ರೂಢಿ. ಬಿಸಿಲು ನಿಜವಾಗಿ ಎಲ್ಲಿಂದ ಬರುತ್ತೆ ಅನ್ನೋದು ಇಲ್ಲಿ ಮುಖ್ಯ ಅಲ್ಲ, ಕಣ್ಣು ಬೆಳಕು ಮೇಲಿಂದ ಬರ್ತಿದೆ ಅಂತಾನೇ ಅಂದ್ಕೊಳ್ಳೋದು. ಬೆಳಕನ್ನ ಆಗ್ನೇಯಕ್ಕೆ ತಿರುಗಿಸಿ ನೋಡಿದೆ, ಜೋಗದ ಕೆಳಗಿನ ಕಣಿವೆ ಎದ್ದು ಗುಡ್ಡದ ಸಾಲಾಗಿಬಿಡ್ತು, ನದಿ ಅದರ ನೆತ್ತಿ ಮೇಲೆ ಹರೀತಿದೆ.

ಅಕ್ಷರದ ಪಾಠ ಬಂದಾಗ ನಂಗೆ ಕಿವಿ ನೆಟ್ಟಗಾಯ್ತು. ಸ್ವಿಸ್ ಕಾರ್ಟೋಗ್ರಫರ್ ಎಡುವರ್ಡ್ ಇಮ್ಹೋಫ್ ಕಾಲದಿಂದ ಬಂದ ಕ್ರಮಗಳು: ದೇಶ, ಪ್ರಾಂತ್ಯ, ಬೆಟ್ಟದ ಸಾಲು ಎಲ್ಲ ಕ್ಯಾಪಿಟಲ್ ಅಕ್ಷರದಲ್ಲಿ, ಬಿಡಿಬಿಡಿಯಾಗಿ. ಊರು ಸಾಮಾನ್ಯ ಅಕ್ಷರದಲ್ಲಿ. ನದಿ, ಕೆರೆ, ಸಮುದ್ರ ಓರೆ ಅಕ್ಷರದಲ್ಲಿ, ನೀಲಿ. ಹೆಸರು ಓದೋ ಮುಂಚೆನೇ ಅದು ಊರಾ ನದೀನಾ ಬೆಟ್ಟಾನಾ ಅಂತ ಗೊತ್ತಾಗ್ಬೇಕು. ಅದ್ಭುತ, ಆದ್ರೆ ನಮಗೆ ಕ್ಯಾಪಿಟಲ್ಲೂ ಇಲ್ಲ, ಇಟಾಲಿಕ್ಕೂ ಇಲ್ಲ. ಪಾಠ ಮುಗಿದ ಮೇಲೆ ಕೇಳಿದೆ, ನಮ್ಮ ಲಿಪಿಯಲ್ಲಿ ಏನು ಮಾಡೋದು ಅಂತ. ಪ್ರೊಫೆಸರ್ ಸ್ವಲ್ಪ ಯೋಚ್ನೆ ಮಾಡಿ, ನಿಮ್ಮಲ್ಲಿ ಈವರೆಗೆ ಏನು ಮಾಡ್ತಿದ್ರೋ ಅದನ್ನ ಮೊದ್ಲು ನೋಡಿ ಅಂದ್ರು.

ಥೀಸಿಸ್‌ಗೆ ಎನ್ಸ್ಖೆಡೆಗೆ ಹೋದೆ, ಟ್ವೆಂಟೆ ಯೂನಿವರ್ಸಿಟಿಯ ಐಟಿಸಿ ಅನ್ನೋ ಭೂಮಾಹಿತಿ ವಿಭಾಗಕ್ಕೆ. 1950ರಲ್ಲಿ ಡೆಲ್ಫ್ಟ್‌ನಲ್ಲಿ ಶುರುವಾದ ಸಂಸ್ಥೆ, ಶುರು ಮಾಡಿದ್ದು ಡಚ್ ಪ್ರಧಾನಿ ಆಗಿದ್ದ ಸ್ಖೆರ್ಮರ್‌ಹೋರ್ನ್, ನಮ್ಮ ಡೆಹ್ರಾಡೂನ್‌ನ ರಿಮೋಟ್ ಸೆನ್ಸಿಂಗ್ ಸಂಸ್ಥೆ 1966ರಲ್ಲಿ ಹುಟ್ಟಿದ್ದೂ ಇವರ ಸಹಕಾರದಲ್ಲೇ. ನಮ್ಮಲ್ಲಿ ಏನು ಮಾಡ್ತಿದ್ರು ಅಂತ ಕೇಳೋಕೆ ನಂಗೆ ಗೊತ್ತಿದ್ದ ಜನ ಒಬ್ರೇ, ಫೋನ್ ಮಾಡಿದೆ. ಚಿಕ್ಕಪ್ಪ ನಮ್ಮೂರಿನ ಹಳೇ ಗ್ರಾಮ ನಕಾಶೆಯ ಫೋಟೋ ತೆಗೆದು ಕಳ್ಸಿದ್ರು, ಒಂದು ಮೈಲಿಗೆ 8 ಇಂಚಿನ ಸ್ಕೇಲು, ಅಂದ್ರೆ 1:7,920, ಎಲ್ಲ ಕೈಬರಹ. ಝೂಮ್ ಮಾಡಿ ನೋಡ್ತಾ ಕೂತೆ. ಹಳ್ಳದ ಹೆಸರು ಬರೆದೋರು ಪ್ರತಿ ಅಕ್ಷರಾನೂ ಹಳ್ಳ ತಿರುಗಿದ ಕಡೆ ಸ್ವಲ್ಪ ಸ್ವಲ್ಪ ತಿರುಗಿಸಿದಾರೆ, ಬಿಡಿಸಿ ಬರೆಯುವಾಗ ಒತ್ತಕ್ಷರನ ಅದರ ಅಕ್ಷರದಿಂದ ಬಿಡಿಸಿಲ್ಲ, ಗೆರೆಗೆ ತಾಗುತ್ತೆ ಅನ್ನೋ ಕಡೆ ಒತ್ತನ್ನ ಒಂಚೂರು ಬಲಕ್ಕೆ ಸರಿಸಿದಾರೆ. ಯಾರೂ ಅವ್ರಿಗೆ ಟೈಪೋಗ್ರಫಿ ಪಾಠ ಮಾಡಿರಲ್ಲ.

ಅಲ್ಲಿಂದ ಕೆಲಸಕ್ಕೆ ದಾರಿ ಸಿಕ್ತು. ಇಮ್ಹೋಫ್ ಹೇಳೋ ಪ್ರಕಾರ ನದಿ ಹೆಸರು ಗೆರೆಯ ಮೇಲ್ಗಡೆ ಬರೀಬೇಕು, ಯಾಕಂದ್ರೆ ಲ್ಯಾಟಿನ್ ಲಿಪಿಯಲ್ಲಿ ಸಾಲಿನ ಕೆಳಗೆ ಇಳಿಯೋ ಅಕ್ಷರ ಕಮ್ಮಿ, ಗೆರೆಗೆ ತಾಗಲ್ಲ. ಕನ್ನಡದಲ್ಲಿ ಉಲ್ಟಾ. ನಮ್ಮ ತಲೆಕಟ್ಟು ಹೆಚ್ಚುಕಮ್ಮಿ ಒಂದೇ ಮಟ್ಟ, ಕೆಳಗೆ ನೇತಾಡೋದು ಒತ್ತಕ್ಷರ. ಮೇಲೆ ಬರೆದ್ರೆ ಒತ್ತು ಹೋಗಿ ನದೀಲಿ ಬೀಳುತ್ತೆ, ಗೆರೆಯ ಕೆಳಗೆ ಬರೆದ್ರೆ ಆರಾಮಾಗಿ ಕೂರುತ್ತೆ. ಗೈಡ್ ಎರಡೂ ಪ್ರಿಂಟ್ ಪಕ್ಕಪಕ್ಕ ಇಟ್ಟು "ನಂಗೆ ಒಂದಕ್ಷರ ಓದೋಕೆ ಬರಲ್ಲ, ಆದ್ರೂ ಎರಡನೇದ್ರಲ್ಲಿ ನದಿ ಕಾಣ್ತಿದೆ" ಅಂದ್ರು. ಕ್ಯಾಪಿಟಲ್ ಬದಲು ದಪ್ಪ ಮತ್ತೆ ಅಂತರ ಬಳಸಿದೆ. ನೋಟೋ ಸ್ಯಾನ್ಸ್ ಕನ್ನಡದಲ್ಲಿ ಬೇಕಾದಷ್ಟು ದಪ್ಪಗಳಿವೆ, ಆದ್ರೆ ಪಕ್ಕಪಕ್ಕದ ಎರಡು ದಪ್ಪ ಮ್ಯಾಪಲ್ಲಿ ಯಾರ ಕಣ್ಣಿಗೂ ಬೇರೆ ಅನ್ನಿಸಲ್ಲ, ಎರಡು ಮೆಟ್ಟಿಲು ಹಾರ್ಬೇಕು. ಬೆಟ್ಟದ ಸಾಲಿಗೆ ಪ ಶ್ಚಿ ಮ ಘ ಟ್ಟ ಅಂತ ಅಕ್ಷರ ಅಕ್ಷರಕ್ಕೆ ಬಿಡಿಸಿದ್ರೆ ಚೆನ್ನಾಗಿ ಓದುತ್ತೆ. ಓರೆ ಮಾಡೋದು ಮಾತ್ರ ಕೈಬಿಟ್ಟೆ, ನಮ್ಮ ದುಂಡು ಅಕ್ಷರಗಳನ್ನ ಸಾಫ್ಟ್‌ವೇರಲ್ಲಿ ಓರೆ ಮಾಡಿದ್ರೆ ಬೀಳ್ತಿರೋ ಹಾಗೆ ಕಾಣುತ್ತೆ, ನೀರಿಗೆ ನೀಲಿ ಬಣ್ಣವೇ ಸಾಕು. ಇಂಗ್ಲಿಷ್ ಲೇಬಲ್ 6 ಪಾಯಿಂಟಲ್ಲಿ ನಡೆಯೋ ಕಡೆ ಕನ್ನಡಕ್ಕೆ ಇನ್ನೂ ದೊಡ್ಡದು ಬೇಕು, ಹೆಸರಿನ ಸುತ್ತ ಹಾಕೋ ಬಿಳಿ ಹಾಲೋ ಪಕ್ಕದ ಅಕ್ಷರದ ಒತ್ತನ್ನೇ ನುಂಗುತ್ತೆ. ಮನೆಯೋರು, ಕಾಲೇಜ್ ಫ್ರೆಂಡ್ಸ್, ಅಲ್ಲಿನ ಕನ್ನಡದೋರಿಗೆ ಮ್ಯಾಪ್ ಕೊಟ್ಟು ಊರು ಹುಡುಕಿಸಿದೆ, ಸಣ್ಣ ಗುಂಪು, ಅದರಿಂದ ದೊಡ್ಡ ತೀರ್ಮಾನ ಹೇಳೋಕಾಗಲ್ಲ ಅಂತ ಥೀಸಿಸ್ಸಲ್ಲೇ ಬರೆದಿದೀನಿ.

ಥೀಸಿಸ್ ಡಿಫೆನ್ಸಲ್ಲಿ ಒಬ್ಬರು ಕೇಳಿದ್ರು, ಎರಡು ಭಾಷೆ ಹಾಕಿದಾಗ ಯಾವ್ದು ಮೇಲೆ ಅಂತ. ಕನ್ನಡ ಮೇಲೆ ಹಾಕಿದ್ರೆ ಒತ್ತು ಇಂಗ್ಲಿಷ್ ಮೇಲೆ ಇಳಿಯುತ್ತೆ, ಹಾಗಂತ ಕೆಳಗೆ ಹಾಕೋಕೆ ನಂಗೆ ಮನಸ್ಸಿಲ್ಲ, ಅದಕ್ಕೆ ಸಾಲಿನ ಅಂತರ ಜಾಸ್ತಿ ಮಾಡಿದೀನಿ ಅಂದೆ. ನಕ್ಕರು, ಪಾಸು ಮಾಡಿದ್ರು. ಈಗ ಬೆಂಗಳೂರಲ್ಲೇ ಮ್ಯಾಪ್ ಸ್ಟೈಲ್ ಮಾಡೋ ಕೆಲಸ, ಅಂದ್ರೆ ಆ ಕ್ಲೈಂಟ್ ಸೈಡು.

ಅಪ್ಲೈ ಮಾಡೋರಿಗೆ ಒಂದೆರಡು ಮಾತು. ಕೋಡಿಂಗ್ ಸ್ವಲ್ಪ ಬರ್ಬೇಕು, ಪೈಥಾನ್ ಮತ್ತೆ ಜಾವಾಸ್ಕ್ರಿಪ್ಟ್, ಡಿಸೈನ್ ಡಿಗ್ರಿ ಏನೂ ಬೇಡ. ಮೋಟಿವೇಶನ್ ಲೆಟರಲ್ಲಿ ಬಾಲ್ಯದಲ್ಲಿ ಗ್ಲೋಬ್ ತಿರುಗಿಸ್ತಿದ್ದೆ ಅಂತ ಬರೀಬೇಡಿ, ಎಲ್ರೂ ಅದನ್ನೇ ಬರೀತಾರೆ, ನೀವು ಮಾಡಿದ ಒಂದು ಮ್ಯಾಪಿನ ಬಗ್ಗೆ ಬರೀರಿ. ಸೆಮಿಸ್ಟರಿಗೊಂದು ಊರು ಅಂದ್ರೆ ಪ್ರತಿ ಸಲ ಮನೆ ಹುಡುಕೋದು, ಅಡ್ರೆಸ್ ರಿಜಿಸ್ಟರ್ ಮಾಡ್ಸೋದು, ರೆಸಿಡೆನ್ಸ್ ಪರ್ಮಿಟ್ ಓಡಾಟ, ಇದಕ್ಕೆ ರೆಡಿ ಇರಿ. ಡ್ರೆಸ್ಡೆನ್‌ನಲ್ಲಿ ಬಾಡಿಗೆ ಪರ್ವಾಗಿಲ್ಲ, ಮ್ಯೂನಿಕ್‌ನಲ್ಲಿ ರೂಮ್ ಸಿಗೋದೇ ಕಷ್ಟ, ಅಡ್ಮಿಷನ್ ಕನ್ಫರ್ಮ್ ಆದ ದಿನಾನೇ ಸ್ಟೂಡೆಂಟ್ ಹಾಸ್ಟೆಲ್‌ಗೆ ಅರ್ಜಿ ಹಾಕ್ಬಿಡಿ.